ಹೂಂ ಅಂದವರ ಪಟ್ಟಿ

ಕತೆ ಹೇಳುವವರಿಗೆ ಕಣ್ಣಿಲ್ಲದಿದ್ದರೂ ನಡೆದೀತು, ಕೇಳುವವರಿಗೆ ಬಾಯಿ ಇರಲೇಬೇಕು. ಇದು ದಾಕ್ಷಾಯಣಿಯ ಕುರುಡಜ್ಜಿಯ ಕಟ್ಟಳೆ. ಬೆಟಗೇರಿಯ ಆ ಸಣ್ಣ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಅಜ್ಜಿ ಕಂಬಕ್ಕೆ ಬೆನ್ನು ಹಚ್ಚಿ ಕತೆ ಶುರು ಮಾಡಿದಳೆಂದರೆ, ಮಾತು ಮಾತಿಗೆ ಯಾರಾದರೊಬ್ಬರು "ಹೂಂ" ಅನ್ನಬೇಕಿತ್ತು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ಬಾವಿಗೆ ಇಳಿಯುತ್ತಿದ್ದ ರಾಜಕುಮಾರ ಹಗ್ಗ ಹಿಡಿದು ಅಲ್ಲೇ ಜೋತಾಡಬೇಕು, ರಾಕ್ಷಸಿ ತೆರೆದ ಬಾಯಿ ತೆರೆದೇ ನಿಲ್ಲಬೇಕು. ಮಕ್ಕಳನ್ನು ನಂಬುವಂತಿರಲಿಲ್ಲ. ಅವು ನಿದ್ದೆ ಹೋಗುತ್ತಿದ್ದವು, ಇಲ್ಲವೇ ಹೊರಗೆ ಓಡುತ್ತಿದ್ದವು. ಹಾಗಾಗಿ ಹೂಂ ಅನ್ನುವ ಕೆಲಸ ಸೊಸೆಯ ಪಾಲಿಗೆ ಬಂದಿತ್ತು. ದಾಕ್ಷಾಯಣಿಯ ಅವ್ವ ಫಕೀರವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ ಅತ್ತೆಗೆ ಹೂಂಗುಟ್ಟುತ್ತಿದ್ದಳು. ಇಪ್ಪತ್ತೆಂಟು ವರ್ಷ. ಅಜ್ಜಿ ಸಾಯುವ ದಿನದವರೆಗೂ ಒಂದು ಹೂಂ ತಪ್ಪಿದ್ದಿಲ್ಲವೆಂದು ಓಣಿಯವರೆಲ್ಲ ಆಡಿಕೊಳ್ಳುತ್ತಿದ್ದರು.

ಅಜ್ಜಿಯ ತೊಡೆಯ ಮೇಲೆ ಕೇಳಿದ ಕತೆಗಳೇ ಮುಂದೆ ತನ್ನ ಹೊಟ್ಟೆ ಹೊರೆದಾವೆಂದು ದಾಕ್ಷಾಯಣಿ ಕನಸಿನಲ್ಲೂ ಎಣಿಸಿರಲಿಲ್ಲ.

ಊರ ಹೊರಗೆ, ಗಾಳಿಯಂತ್ರಗಳು ತಿರುಗುವ ಗುಡ್ಡದ ಬುಡದಲ್ಲಿ, ಮರೆವಿನ ರೋಗದ ಆಸ್ಪತ್ರೆಯಿತ್ತು. ಅವಳು ಅಲ್ಲಿ ಮಿದುಳಿನ ಅಲೆ ಬರೆದುಕೊಳ್ಳುವ ಕೋಣೆಯ ತಂತ್ರಜ್ಞೆ. ಆಯಾಗಳು ಮಾತ್ರ 'ಕತಿ ಅಕ್ಕಾರು' ಎಂದೇ ಕರೆಯುತ್ತಿದ್ದರು. ಅದಕ್ಕೆ ಕಾರಣವಿತ್ತು.

ಮರೆವಿನ ಮುದುಕರಲ್ಲಿ ಕೆಲವರ ಮಿದುಳು ಬರೀ ಸವೆಯುವುದಿಲ್ಲ, ಒಳಗೊಳಗೇ ಸಿಡಿಯುತ್ತಿರುತ್ತದೆ. ಕೈಕಾಲು ಸೆಟೆಯದ, ಬಾಯಲ್ಲಿ ನೊರೆ ಬಾರದ ಫಿಟ್ಸ್ ಅದು. ಮಿದುಳಿನ ತಳದಲ್ಲಿ, ಎರಡೂ ಕಿವಿಗಳ ಒಳಬದಿಗೆ, ಹುಣಸೆಕಾಯಿಯಂತೆ ಬಾಗಿ ಕೂತ ನೆನಪಿನ ಗಂಟಿದೆಯಲ್ಲ, ಸಿಡಿಲು ಹೊಡೆಯುವುದು ಅಲ್ಲಿ. ನೆತ್ತಿಗೆ ತಂತಿ ಅಂಟಿಸಿ ಕೂತರೆ ಅದರ ಸುಳಿವು ಸಿಗದು. ಬಾವಿಯ ತಳದಲ್ಲಿ ಒಬ್ಬರು ಪಿಸುಗುಟ್ಟಿದರೆ ಮಾಳಿಗೆಯ ಮೇಲೆ ನಿಂತವರಿಗೆ ಕೇಳಿಸುವುದುಂಟೆ? ಒಂದೊಂದು ಸಿಡಿಲೂ ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಆ ಹೊತ್ತು ಮುದುಕಿ ಕೂತಲ್ಲೇ ಕೂತಿರುತ್ತಾಳೆ, ಕಣ್ಣೂ ತೆರೆದೇ ಇರುತ್ತವೆ. ಒಳಗೆ ಮಾತ್ರ ಆ ದಿನ ಕೂಡಿಟ್ಟದ್ದೆಲ್ಲ ಸುಟ್ಟು ಬೂದಿಯಾಗುತ್ತದೆ.

ಆ ಸಿಡಿಲನ್ನು ಆರಿಸುವ ದಾರಿ ಸಿಕ್ಕಿತ್ತು. ಕೆನ್ನೆಯೊಳಗಿಂದ ಕೂದಲೆಳೆಯಂಥ ತಂತಿಯೊಂದನ್ನು ತಲೆಬುರುಡೆಯ ತಳದ ಸಣ್ಣ ರಂಧ್ರದವರೆಗೆ ಇಳಿಸುವುದು. ತಂತಿ ಅಲ್ಲಿ ಕಿವಿಗೊಟ್ಟು ಕಾಯುತ್ತದೆ. ಸಿಡಿಲು ಹೆಡೆಯೆತ್ತಿದ ಕ್ಷಣವೇ ಎದುರು ಮಿಂಚು ಕೊಟ್ಟು ಆರಿಸುತ್ತದೆ. ಆದರೆ ಎಂಬತ್ತರ ಜೀವಕ್ಕೆ ಬರೀ ಅನುಮಾನದ ಮೇಲೆ ತಂತಿ ಇಳಿಸುವಂತಿಲ್ಲ, ಒಳಗೆ ರಕ್ತ ಸೋರಿದರೆ ಕತೆ ಮುಗಿದಂತೆಯೇ. ಮೊದಲು ಹೊರಗಿನಿಂದ ಗುರುತು ಹಿಡಿಯಬೇಕು. ಅದಕ್ಕೆಂದು ಒಂದು ಟೊಪ್ಪಿಗೆ ಇತ್ತು. ಕೂಸಿಗೆ ಹಾಕುವ ಕುಲಾವಿಯಂತೆ ಗದ್ದದ ಕೆಳಗೆ ಕಟ್ಟುವಂಥದು, ಒಳಗೆಲ್ಲ ಕಾಂತದ ಅಲೆ ಹಿಡಿಯುವ ಬಿಲ್ಲೆಗಳು. ಎಲ್ಲರೂ ಅದನ್ನು ಕುಲಾವಿಯೆಂದೇ ಅನ್ನುತ್ತಿದ್ದರು. ಕುಲಾವಿ ಆಳದ ಸಿಡಿಲಿನ ನೆರಳನ್ನಷ್ಟೇ ತೋರಿಸುತ್ತಿತ್ತು. ಆ ನೆರಳು ಖರೇ ಸಿಡಿಲಿನದೋ, ಮುದುಕರು ಬೊಚ್ಚುಬಾಯಿ ಆಡಿಸಿದ ಗದ್ದಲವೋ ಹೇಳಲು ಬರುತ್ತಿರಲಿಲ್ಲ.

ಅಲ್ಲಿ ದಾಕ್ಷಾಯಣಿಯ ಬುದ್ಧಿ ಓಡಿತ್ತು.

"ಮೇಡಂ, ಕುಲಾವಿ ಕಟ್ಟಿ ನಾ ಕತಿ ಹೇಳ್ತೀನಿ. ಅವರು ಹೂಂ ಅನ್ಲಿ. ನೆರಳು ಬಿದ್ದ ಹೊತ್ತಿಗೆ ಹೂಂ ತಪ್ಪಿತಂದ್ರ ಅದು ಖರೇ ಸಿಡಿಲು. ತಪ್ಪಲಿಲ್ಲಂದ್ರ ಬರೀ ಗದ್ದಲ."

ವಿಭಾಗದ ಮುಖ್ಯಸ್ಥೆ ಡಾಕ್ಟರ್ ಮೃದುಲಾ ಇನಾಮದಾರ ಕನ್ನಡಕ ಹಣೆಗೇರಿಸಿ ನಕ್ಕಿದ್ದರು. "ಇಷ್ಟು ದೊಡ್ಡ ಮಶೀನಿಗೆ ಕಡೀಕ ನಿಮ್ಮಜ್ಜಿ ಸಾಕ್ಷಿ ಹೇಳಬೇಕಾತು ನೋಡು."

ನಕ್ಕರೂ ಒಪ್ಪಿದರು. ಒಪ್ಪಿದ್ದಕ್ಕೆ ಫಲವೂ ಸಿಕ್ಕಿತು. ಹಜರತ್‌ಸಾಬ್ ನದಾಫ್ ಎಂಬ ಹಳೇ ಪೈಲವಾನ ಬಂದಿದ್ದ. ಕುಸ್ತಿ ಬಿಟ್ಟ ಮೇಲೆ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವನು. ಈಗ ಹೆಂಡತಿಯನ್ನು ಕಂಡು "ಯಾರ ಈಕಿ?" ಎಂದು ಮನೆಯಿಂದ ಹೊರದಬ್ಬುತ್ತಿದ್ದ.

"ಒಂದೂರಾಗ ಒಬ್ಬ ರಾಜ ಇದ್ದ," ದಾಕ್ಷಾಯಣಿ ಶುರು ಮಾಡಿದಳು. "ಅಂವಗ ಉಪ್ಪಿನ ಆನಿ ಮಾಡಿಸಿ ಅದರ ಮ್ಯಾಲ ಕುಂಡ್ರೂ ಆಶಾ."

"ಉಪ್ಪಿಂದಾ? ಮಳಿ ಬಂದ್ರ?"

"ಹೂಂ ಅನ್ರಿ ಅಜ್ಜಾರ. ಮಳಿ ಆಮ್ಯಾಲ ಬರ್ತತಿ."

"ಹೂಂ ಏನ ಹೂಂ? ನಾ ಏನ ನಿಮ್ಮನಿ ಸೊಸಿ ಏನ, ಹೂಂ ಅನ್ನಾಕ?"

ಗಾಜಿನಾಚೆ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಹಾಗೂ ಹೀಗೂ ಮುದುಕ ಒಲ್ಲದ ಮನಸ್ಸಿನಿಂದ ಹೂಂ, ಹಾಂ, ಆಮ್ಯಾಲ, ಎನ್ನುತ್ತ ಬಂದ. ರಾಜ ಆನೆಯ ಮೇಲೆ ಹತ್ತುವ ಹೊತ್ತಿಗೆ ಪರದೆಯ ಮೇಲೊಂದು ನೆರಳು ಎದ್ದಿತು, ಮುದುಕನ ಬಾಯಿ ಬಂದ್ ಆಯಿತು. ನಲವತ್ತು ಸೆಕೆಂಡು. ನೆರಳು ಇಳಿಯಿತು. "ಯಾರಬೇ ನೀ?" ಎಂದ ದಾಕ್ಷಾಯಣಿಯನ್ನು ನೋಡಿ.

ತಂತಿ ಇಳಿಸಿದ ಇಪ್ಪತ್ತೊಂದನೆಯ ದಿನ ಹಜರತ್‌ಸಾಬ್ ಹೆಂಡತಿಯನ್ನು ಹೆಸರು ಹಿಡಿದು ಕರೆದ. ಚಹಾ ತಣ್ಣಗಾಗಿದೆ ಎಂದು ಬೈದ. ಆ ಹೆಂಗಸು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದಳು. ಎರಡು ವರ್ಷದಲ್ಲಿ ಅಂಥ ತಂತಿಗಳು ಮೂವತ್ತಾರು ಇಳಿದವು. ದೂರದ ಊರುಗಳ ಡಾಕ್ಟರುಗಳು ಬಂದು 'ಹೂಂ ಪರೀಕ್ಷೆ' ನೋಡಿ ಹೋದರು.

ನಡುವೆ ಫಕೀರವ್ವನೂ ಮರೆಯತೊಡಗಿದ್ದಳು. ಮೊದಮೊದಲು ಬೇಳೆಗೆ ಚಹಾಪುಡಿ ಹಾಕಿದಳು. ಆಮೇಲೆ ಮಗಳನ್ನು ಸತ್ತ ತಂಗಿಯ ಹೆಸರಿನಿಂದ ಕರೆದಳು. ಒಂದು ದಿನ ಬಟ್ಟೆ ಒಣಹಾಕಲು ಹೋದವಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು, ಹೆಗಲ ಮೇಲೆ ಹಸಿ ಸೀರೆ. ದಾಕ್ಷಾಯಣಿಗೆ ಅಪ್ಪನಿರಲಿಲ್ಲ, ಒಡಹುಟ್ಟಿದವರಿರಲಿಲ್ಲ, ಲಗ್ನ ಬೇಡವೆಂದು ಕೂತವಳು. ಇದ್ದದ್ದು ಅವ್ವನೊಬ್ಬಳೇ. ಹೇಗಾದರೂ ಸಿಡಿಲೇ ಆಗಿರಲಿ, ಸವೆತ ಆಗದಿರಲಿ ಎಂದು ಬೇಡಿಕೊಂಡು ಕರೆತಂದಳು. ಸಿಡಿಲಿಗೆ ತಂತಿಯಿದೆ, ಸವೆತಕ್ಕೆ ಏನೂ ಇಲ್ಲ.

ಕುಲಾವಿ ಕಟ್ಟಿಸಿಕೊಂಡು ಫಕೀರವ್ವ ಶಾಣ್ಯಾ ಕೂಸಿನಂತೆ ಕೂತಳು. ಮಗಳು ಬೆಳಗಿನಿಂದ ಸಂಜೆಯವರೆಗೆ ಕತೆ ಹೇಳಿದಳು. ನೆರಳು ಹನ್ನೊಂದು ಸಲ ಎದ್ದಿತು. ಹೂಂ ಒಂದು ಸಲವೂ ತಪ್ಪಲಿಲ್ಲ.

ನಿಯಮ ದಾಕ್ಷಾಯಣಿಯದೇ. ವರದಿಯನ್ನೂ ತನ್ನ ಕೈಯಿಂದಲೇ ಬರೆದಳು: ನೆರಳು ಗದ್ದಲದ್ದು. ಸಿಡಿಲಿಲ್ಲ. ಸವೆತ. ಬಚ್ಚಲುಮನೆಯಲ್ಲಿ ನಳ ಬಿಟ್ಟುಕೊಂಡು ಅತ್ತಳು. ಅಳುವಿನ ನಡುವೆ ಹಾಳು ಅಭಿಮಾನವೂ ಒಂದಿಷ್ಟು ಇಣುಕಿತ್ತು. ಏನೇ ಆಗಲಿ, ನಮ್ಮವ್ವ ಕತಿ ಕೇಳೂದು ಮರ್ತಿಲ್ಲ.

ಅದಾಗಿ ಹನ್ನೊಂದು ತಿಂಗಳು. ದಿನಾ ಎರಡು ಗಂಟೆಗೆ ಕೆಲಸ ಮುಗಿಸಿ ಮನೆಗೆ ಬಂದವಳೇ ಅವ್ವನ ಮುಂದೆ ಕೂತು ಕತೆ ಹೇಳುವುದು ಅವಳ ರೂಢಿಯಾಯಿತು. ಫಕೀರವ್ವ ಒಂದೊಂದನ್ನೇ ಕಳಕೊಳ್ಳುತ್ತ ಹೋದಳು. ಚಮಚ ಹಿಡಿಯುವುದು ಹೋಯಿತು, ಬಚ್ಚಲ ದಾರಿ ಹೋಯಿತು, ಕಡೆಗೆ ತನ್ನ ಹೆಸರೂ ಹೋಯಿತು. ಉಳಿದದ್ದು ಹೂಂ. ಪ್ರವಾಹದಲ್ಲಿ ಮನೆಮಾರು ಕೊಚ್ಚಿಹೋಗಿ ಒಂದು ಕಂಬ ನಿಂತಿರುತ್ತದಲ್ಲ, ದಾಕ್ಷಾಯಣಿ ಆ ಕಂಬವನ್ನು ತಬ್ಬಿ ನಿಂತವಳಂತೆ ಬದುಕುತ್ತಿದ್ದಳು. ಕೆಲವು ದಿನ ಕತೆಗೆ ಹೂಂ ಬರುತ್ತಿರಲಿಲ್ಲ. ಆಗ, ಅವ್ವಗ ಇವತ್ತ ಮನಸಿಲ್ಲ, ಎಂದುಕೊಳ್ಳುತ್ತಿದ್ದಳು. ಬಂದ ದಿನ ಆಕೆಗೆ ಹಬ್ಬ.

ಒಂದು ಮಂಗಳವಾರ ಏಳು ಹೆಡೆಯ ಹಾವು ಕುಂಬಾರನ ಮಗಳಿಗೆ ಮಾತು ಕೊಡುತ್ತಿತ್ತು. ಫಕೀರವ್ವ ಹೂಂ, ಹೂಂ ಎಂದು ಕೇಳುತ್ತಿದ್ದಳು. ಅಷ್ಟರಲ್ಲಿ ಓಣಿಯಲ್ಲಿ ಕೂಗೆದ್ದಿತು: "ನಳಾ ಬಂತ್ರೋ! ನಳಾ ಬಂತು!"

ಹನ್ನೆರಡು ದಿನಕ್ಕೊಮ್ಮೆ ಬರುವ ನೀರು. ಹಾವು ಬಾಯಿ ತೆರೆದದ್ದು ತೆರೆದಂತೆಯೇ ಇರಲೆಂದು ದಾಕ್ಷಾಯಣಿ ಎದ್ದು ಹಿತ್ತಲಿಗೆ ಓಡಿದಳು. ಕೊಡಕ್ಕೆ ನಳ ಹಚ್ಚಿದಳು.

"ಹೂಂ," ಒಳಗಿನಿಂದ ಬಂತು.

ಅವಳು ನಕ್ಕಳು. "ಬಂದೆಬೇ ಯವ್ವಾ, ನಿಂದರು. ಹಾವು ಎಲ್ಲೂ ಹೋಗೂದಿಲ್ಲ."

"ಹೂಂ."

ಕೊಡ ಅರ್ಧ ತುಂಬಿತು.

"ಹೂಂ."

ದಾಕ್ಷಾಯಣಿಯ ಕೈ ನಿಂತಿತು. ಕತೆಯಿಲ್ಲ. ಹೇಳುವವರಿಲ್ಲ. ನಾಲ್ಕು ಎಣಿಸುವಷ್ಟು ಹೊತ್ತು, ಒಂದು ಹೂಂ. ಮತ್ತೆ ನಾಲ್ಕು, ಮತ್ತೊಂದು. ಗಾಣದ ಎತ್ತು ಸುತ್ತು ಬಂದಂತೆ. ಅವಳು ಬೆಕ್ಕಿನ ಹೆಜ್ಜೆಯಲ್ಲಿ ಬಾಗಿಲಿಗೆ ಬಂದು ನೋಡಿದಳು. ಅವ್ವನ ಕಣ್ಣು ಗೋಡೆಯ ಮೇಲೆ. ಬಲಗೈ ಹೆಬ್ಬೆರಳು ಸೆರಗಿನ ಅಂಚನ್ನು ತಿಕ್ಕುತ್ತಿತ್ತು, ತಿಕ್ಕುತ್ತಲೇ ಇತ್ತು. ತುಟಿ ಚಪ್ಪರಿಸಿದಂತೆ ಆಡುತ್ತಿದ್ದವು. "ಹೂಂ." ಇನ್ನೊಂದು ಹತ್ತು ಸೆಕೆಂಡಾಗಿ ಹೆಬ್ಬೆರಳು ನಿಂತಿತು. ತುಟಿ ನಿಂತವು. ನಿದ್ದೆಯಿಂದ ಎದ್ದವಳಂತೆ ಫಕೀರವ್ವ ಕಣ್ಣು ಮಿಟುಕಿಸಿದಳು.

ದಾಕ್ಷಾಯಣಿ ಕತೆ ಮುಂದುವರಿಸಿದಳು, "ಆಗ ಆ ಹಾವು ಏನಂತು ಅಂದ್ರ..."

ಅವ್ವ ಅವಳ ಮುಖವನ್ನೇ ನೋಡಿದಳು. ಹೂಂ ಬರಲಿಲ್ಲ.

ಹಿತ್ತಲಲ್ಲಿ ಕೊಡ ತುಂಬಿ ನೀರು ಚರಂಡಿಗೆ ಹರಿಯಿತು. ಯಾರೋ ಬೈದರು. ಅವಳಿಗೆ ಅದು ಕೇಳಿಸಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಹಳೆಯ ದಾಖಲೆಗಳನ್ನೆಲ್ಲ ತೆರೆದು ಕೂತಳು. ಎರಡು ವರ್ಷ ಯಂತ್ರವು ಹೂಂ ಬಂತು, ಬರಲಿಲ್ಲ ಎಂದಷ್ಟೇ ಗುರುತು ಹಾಕಿತ್ತು. ಯಾವಾಗ ಬಂತು ಎಂದು ಯಾರೂ ಕೇಳಿರಲಿಲ್ಲ. ಈಗ ಹೂಂ ಹೂಂಗಳ ನಡುವಿನ ಹೊತ್ತನ್ನು ಅಳೆದಳು. ಎಚ್ಚರವಿದ್ದು ಕೇಳುವವರ ಹೂಂ ಎಂದೂ ಒಂದೇ ಅಳತೆಯದಲ್ಲ. ಹೆದರಿಕೆಯ ಜಾಗದಲ್ಲಿ ತಡವಾಗುತ್ತದೆ, ಖುಷಿಯಲ್ಲಿ ಮುಂದೋಡುತ್ತದೆ, ಬೇಸರದಲ್ಲಿ ನುಂಗಿಹೋಗುತ್ತದೆ. ನೆರಳು ಎದ್ದ ಹೊತ್ತಿನ ಹೂಂಗಳು ಮಾತ್ರ ಗಡಿಯಾರದಂತಿದ್ದವು. ಅವ್ವನದು ನಾಲ್ಕು ಸೆಕೆಂಡಿನ ಮೇಲೊಂದು ಕೂದಲೆಳೆ, ಹನ್ನೊಂದು ನೆರಳಿಗೂ ಅದೇ.

ಆಮೇಲೆ ಹೆಸರುಗಳನ್ನು ತೆಗೆದಳು. ನೆರಳು ಕಂಡೂ, ಹೂಂ ತಪ್ಪಲಿಲ್ಲವೆಂಬ ಕಾರಣಕ್ಕೆ ಸವೆತವೆಂದು ಬರೆಸಿಕೊಂಡು ಮನೆಗೆ ಹೋದವರು ನಲವತ್ತೊಂದು ಮಂದಿ. ಒಬ್ಬನೂ ಗಂಡಸಿರಲಿಲ್ಲ.

ಡಾಕ್ಟರ್ ಮೃದುಲಾ ಪಟ್ಟಿಯನ್ನು ಎರಡು ಸಲ ಓದಿದರು. "ಎಲ್ಲಾ ಹೆಣ್ಮಕ್ಕಳ."

"ಗಂಡಸರ ಬಾಯಿ ಸಿಡಿಲು ಹೊಡದ್ರ ನಿಲ್ತತಿ ಮೇಡಂ. ಅವರಿಗೆ ಹೂಂ ಅನ್ನಬೇಕಂದ್ರ ಕತಿ ಕೇಳಬೇಕಾಗ್ತತಿ. ಇವರಿಗೆ ಹಂಗಲ್ಲ. ಅತ್ತಿ ಅಂದಿದ್ದಕ್ಕ ಹೂಂ, ಗಂಡ ಅಂದಿದ್ದಕ್ಕ ಹೂಂ. ಕೈ ರೊಟ್ಟಿ ಮ್ಯಾಲ, ಮನಸು ತವರಮನಿ ಮ್ಯಾಲ, ಬಾಯಾಗ ಹೂಂ. ಐವತ್ತು ವರ್ಷ ಮನಸಿಲ್ಲದನ ಅಂದದ್ದು. ಒಳಗ ಎಲ್ಲಾ ಸುಡೂ ಮುಂದನೂ ಅದೊಂದು ತನ್ನಷ್ಟಕ್ಕ ತಾನ ಬರ್ತತಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೂ ಒಂದು ಮನಿ ಸೊಸಿ ಅದೀನಿ ದಾಕ್ಷಿ. ನನಗಾದ್ರೂ ಹೊಳೀಬೇಕಿತ್ತು."

"ಪರೀಕ್ಷೆ ನಂದು ಮೇಡಂ."

"ಸಹಿ ನಂದು." ಅವರು ಪಟ್ಟಿಯನ್ನು ಮಡಚಿದರು. "ಈಗ ಹೆಂಗ ಹಿಡೀಬೇಕು ಇದನ್ನ?"

"ತಪ್ಪು ಹೇಳಬೇಕ್ರಿ. ಅವರಿಗೆ ಪಕ್ಕಾ ಗೊತ್ತಿದ್ದ ವಿಷಯದಾಗ ತಪ್ಪು ಹೇಳಬೇಕು. ಎಚ್ಚರ ಇದ್ದಾಕಿ ಹಂಗಲ್ಲ ಅಂತಾಳ. ಸಿಡಿಲಿನ್ಯಾಗ ಇದ್ದಾಕಿ ಅದಕ್ಕೂ ಹೂಂ ಅಂತಾಳ."

ಅದೇ ಮಧ್ಯಾಹ್ನ ಫಕೀರವ್ವನಿಗೆ ಮತ್ತೆ ಕುಲಾವಿ ಕಟ್ಟಿದರು. ಲೆಕ್ಕ ಹಾಕಿದರೆ ದಿನಕ್ಕೆ ಅರವತ್ತರ ಮೇಲೆ ಸಿಡಿಲು. ಮಿದುಳಿನ ಚಿತ್ರ ತೆಗೆದು ನೋಡಿದರೆ ನೆನಪಿನ ಗಂಟು ಎರಡೂ ಕಡೆ ಒಣಗಿದ ಹುಣಸೆ ಸಿಪ್ಪೆಯಂತಾಗಿತ್ತು.

"ಹನ್ನೊಂದು ತಿಂಗಳ ಹಿಂದ..." ಎಂದ ಡಾಕ್ಟರು ಅಲ್ಲಿಗೇ ತಡೆದರು.

"ಹೇಳ್ರಿ ಮೇಡಂ."

"ಹೇಳಿ ಏನ ಮಾಡೂದು?"

"ನಾ ಕೇಳಬೇಕಲ್ಲರಿ."

"ಹನ್ನೊಂದು ತಿಂಗಳ ಹಿಂದಿನ ಚಿತ್ರದಾಗ ಮುಕ್ಕಾಲು ಭಾಗ ಚಲೋ ಇತ್ತು."

ತಂತಿ ಇಳಿಸಿದರು. ಅದು ತನ್ನ ಕೆಲಸ ಚೊಕ್ಕ ಮಾಡಿತು. ಮೊದಲ ದಿನವೇ ಸಿಡಿಲು ಹತ್ತಕ್ಕಿಳಿಯಿತು. ನಾಲ್ಕನೆಯ ದಿನ ಗೆರೆ ಕೆರೆಯ ನೀರಿನಂತೆ ಸಪಾಟಾಯಿತು. ದಾಕ್ಷಾಯಣಿ ರಜೆ ಹಾಕಿ ಅವ್ವನ ಎದುರು ಕೂತಳು. ಹೆಸರು ಹೇಳಿ ಕರೆದಳು. ಅಜ್ಜಿಯ ಹೆಸರು ಹೇಳಿದಳು, ತವರೂರಿನ ಹೆಸರು ಹೇಳಿದಳು. ಕತೆಗಳನ್ನು ಒಂದೊಂದಾಗಿ ಹೇಳಿದಳು, ನೆಟ್ಟಗೂ ಹೇಳಿದಳು, ತಿರುವುಮುರುವಾಗಿಯೂ ಹೇಳಿದಳು. ಹತ್ತು ದಿನವಾಯಿತು, ಇಪ್ಪತ್ತಾಯಿತು.

ಫಕೀರವ್ವ ಗೋಡೆ ನೋಡುತ್ತಿದ್ದಳು. ಹೂಂ ಕೂಡ ಹೋಗಿತ್ತು. ಅದು ಸಿಡಿಲಿನದೇ ಆಗಿತ್ತು, ಸಿಡಿಲಿನ ಜೊತೆಗೇ ಹೋಯಿತು.

"ಒಳಗ ಉಳಸಾಕ ಏನೂ ಉಳಿದಿರಲಿಲ್ಲ ದಾಕ್ಷಿ," ಡಾಕ್ಟರು ಮೆಲ್ಲಗೆ ಅಂದರು. ಹೋಗುವಾಗ ಗುಂಡಿಯಷ್ಟಿದ್ದ ಅಯಸ್ಕಾಂತವೊಂದನ್ನು ಅವಳ ಅಂಗೈಯಲ್ಲಿಟ್ಟರು. ಎಲ್ಲ ಮನೆಯವರಿಗೂ ಕೊಡುವಂಥದೇ. ತಂತಿಯಿಂದ ತೊಂದರೆ ಕಂಡರೆ ಕಿವಿಯ ಹಿಂದೆ ಹಿಡಿಯಬೇಕು, ಅದು ಅಲ್ಲಿದ್ದಷ್ಟು ಹೊತ್ತು ತಂತಿ ಮಲಗುತ್ತದೆ.

ಒಂದು ವಾರ ಅದು ಕಪಾಟಿನಲ್ಲಿತ್ತು. ಎಂಟನೆಯ ದಿನ ಮಧ್ಯಾಹ್ನ ದಾಕ್ಷಾಯಣಿ ಬಾಗಿಲ ಚಿಲಕ ಹಾಕಿದಳು. ಅಯಸ್ಕಾಂತವನ್ನು ಅವ್ವನ ಕಿವಿಯ ಹಿಂದೆ ಪಟ್ಟಿಯಿಂದ ಅಂಟಿಸಿದಳು. ಎದುರು ಕೂತು ಕುಂಬಾರನ ಮಗಳ ಕತೆ ತೆಗೆದಳು. ಮುಕ್ಕಾಲು ತಾಸಾದ ಮೇಲೆ ಫಕೀರವ್ವನ ಹೆಬ್ಬೆರಳು ಸೆರಗಿನಂಚು ಹುಡುಕಿತು.

"ಹೂಂ."

ದಾಕ್ಷಾಯಣಿ ಕತೆ ಬಿಡಲಿಲ್ಲ. ಏನು ನಡೆಯುತ್ತಿದೆಯೆಂದು ಅವಳಷ್ಟು ಬಲ್ಲವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಆದರೂ ಹೇಳಿದಳು. ಹಾವಿನ ಮದುವೆಯವರೆಗೆ ಹೇಳಿದಳು, ಹದಿನೇಳು ಹೂಂ ಕೇಳಿದಳು. ಆಮೇಲೆ ಅಯಸ್ಕಾಂತ ಕಿತ್ತು ಸಂಡಾಸಿನ ಗುಂಡಿಗೆ ಒಗೆದು, ಬಂದು ಅವ್ವನ ಕಾಲ ಹತ್ತಿರ ನೆಲಕ್ಕೆ ಮಲಗಿದಳು.

ಮರುದಿನ ಬೆಳಿಗ್ಗೆ ಅವಳು ಪಟ್ಟಿಯಲ್ಲಿದ್ದ ದ್ಯಾಮವ್ವನೆಂಬವಳ ಮನೆಗೆ ಹೋಗಬೇಕಿತ್ತು.

ನಲವತ್ತೊಂದರಲ್ಲಿ ಏಳು ಮಂದಿ ತೀರಿಕೊಂಡಿದ್ದರು. ಅವ್ವನನ್ನು ಬಿಟ್ಟರೆ ಮೂವತ್ತಮೂರು. ಆಸ್ಪತ್ರೆಯಿಂದ ಎಲ್ಲರಿಗೂ ಕಾಗದ ಹೋಗಿತ್ತು, ತಪ್ಪಾಗಿದೆ, ಮತ್ತೆ ಕರೆತನ್ನಿ ಎಂದು. ಬಂದವರು ಆರೇ ಮಂದಿ. ಉಳಿದವರ ಮನೆಗೆ ದಾಕ್ಷಾಯಣಿಯೇ ಹೋಗುವುದೆಂದಾಯಿತು. ದ್ಯಾಮವ್ವನ ಪರೀಕ್ಷೆಯಾಗಿ ನಾಲ್ಕೇ ತಿಂಗಳು. ಅವಳ ಚಿತ್ರದಲ್ಲಿ ನೆನಪಿನ ಗಂಟು ಇನ್ನೂ ಹಸಿಯಾಗಿತ್ತು.

ಮಗ ಮಲ್ಲೇಶಿ ಗದಗಿನ ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ದ್ಯಾಮವ್ವ ಅಲ್ಲೇ ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಕಾಳು ಹೊರಗೆ, ಸಿಪ್ಪೆ ಬುಟ್ಟಿಗೆ ಹೋಗುತ್ತಿತ್ತು.

ದಾಕ್ಷಾಯಣಿ ಪಕ್ಕಕ್ಕೆ ಕೂತಳು. "ಅಮ್ಮಾರ, ಜ್ವಾಳದ ಹಿಟ್ಟಿಗೆ ಎಣ್ಣಿ ಹಾಕಿ ನಾದಿದ್ರ ರೊಟ್ಟಿ ಚಲೋ ಆಗ್ತಾವಂತಲ್ಲ?"

"ಹೂಂ."

"ಬಿಸಿನೀರ ಬ್ಯಾಡಂತ."

"ಹೂಂ."

ದಾಕ್ಷಾಯಣಿ ಸುಮ್ಮನೆ ಕಾದಳು. ಹೇಳುವವರಿಲ್ಲದೆಯೂ ಎರಡು ಹೂಂ ಬಂದವು. ದ್ಯಾಮವ್ವನ ಬೆರಳುಗಳ ಬಿಗಿ ಸಡಿಲಾಯಿತು, ರೆಪ್ಪೆ ಬಡಿದವು. ದಾಕ್ಷಾಯಣಿ ಮತ್ತೆ ಅಂದಳು, "ಎಣ್ಣಿ ಹಾಕಿ ನಾದಬೇಕಂತಲ್ಲರಿ ರೊಟ್ಟಿ ಹಿಟ್ಟು?"

"ಎಣ್ಣಿನಾ?" ಮುದುಕಿ ಸೊಟ್ಟ ಮುಖ ಮಾಡಿದಳು. "ಯಾವ ಮೂಳಿ ಹೇಳಿದ್ಲ ನಿನಗ? ಕುದಿಯೂ ನೀರ ಹಾಕ್ತಾರ. ನಿಮ್ಮವ್ವ ಏನೂ ಕಲಿಸಿಲ್ಲನ?"

ದಾಕ್ಷಾಯಣಿ ಚೀಲದಿಂದ ಒಪ್ಪಿಗೆಯ ಕಾಗದ ತೆಗೆದಿಟ್ಟಳು. ಇದ್ದಾಳೆ. ಸಿಡಿಲುಗಳ ಸಂದಿಯಲ್ಲಿ ಈ ಹೆಂಗಸು ಇನ್ನೂ ಇದ್ದಾಳೆ.

"ನೋಡಿದ್ರಿಲ್ಲೋ?" ಮಲ್ಲೇಶಿ ಅಚ್ಚಿನ ಮಸಿ ಒರೆಸಿಕೊಳ್ಳುತ್ತ ಅಂದ. "ಇದ ನಮಗ ಬ್ಯಾಡಾಗೇತಿ. ಮೊದಲ ಮೂರೂ ಹೊತ್ತು ಹಿಂಗ. ಓಣಿ ತುಂಬಾ ಜಗಳಾ. ಈಗ ಒಂದು ನಾಕಾರು ತಿಂಗಳಾತು ತಣ್ಣಗಾಗ್ಯಾಳ. ಉಣ್ಣು ಅಂದ್ರ ಹೂಂ, ಮಲಕೋ ಅಂದ್ರ ಹೂಂ. ದೇವರಂಥಾಕಿ ಆಗ್ಯಾಳ್ರಿ."

"ಅದು ತಣ್ಣಗಾಗಿದ್ದಲ್ಲರಿ ಅಣ್ಣಾರ. ಒಳಗ ಸುಡಾಕತ್ತೈತಿ."

"ನಿಮ್ಮ ತಾಯಿಗೂ ತಂತಿ ಹಾಕಿಸಿರಂತಲ್ಲ. ಆಸ್ಪತ್ರಿ ಆಯಾ ಹೇಳಿದ್ಲು. ಹೆಂಗದಾರ ಈಗ ಅವರು?"

ದಾಕ್ಷಾಯಣಿ ಹುಟ್ಟಿದಾರಭ್ಯ ಕತೆ ಕೇಳಿ ಬೆಳೆದವಳು, ಕತೆ ಹೇಳಿ ಉಂಡವಳು. ಒಂದು ಕತೆ ನಾಲಿಗೆಯ ತುದಿಗೆ ಬಂದು ಕೂತಿತ್ತು: ಚಲೋ ಅದಾರ್ರಿ, ನಿನ್ನೆ ನನ್ನ ಹೆಸರು ಹಿಡಿದು ಕರೆದ್ರು. ಅಷ್ಟಂದರೆ ಸಾಕು, ಇವನು ಸಹಿ ಹಾಕುತ್ತಾನೆ, ಮುದುಕಿ ಉಳಿಯುತ್ತಾಳೆ. ಈ ತಪ್ಪೆಲ್ಲ ಶುರುವಾದದ್ದೇ ತಾನು ಅಂದದ್ದನ್ನು ಎಲ್ಲರೂ ನಂಬಿದ್ದರಿಂದ. ಈಗಲೂ ನಂಬುತ್ತಾರೆ.

"ನಮ್ಮವ್ವಗ ಏನೂ ತಿಳಿಯೂದಿಲ್ಲರಿ," ಅಂದಳು. "ತಂತಿ ಹಾಕಿದ ಮ್ಯಾಲ ಹೂಂ ಅನ್ನೂದೂ ನಿಂತೈತಿ. ನಾ ತಡಾ ಮಾಡಿದೆ. ನಿನ್ನೆ ಒಂದೀಟು ಹೊತ್ತು ತಂತಿ ಬಂದ್ ಮಾಡಿ, ಆಕಿನ್ನ ಸುಡಿಸಿ, ಆ ಹೂಂ ಕೇಳಿದೆ. ನನಗ ಬೇಕಿತ್ತು ಅದು. ನಿಮಗ ಬೇಕಾಗಿದ್ದು ತಪ್ಪಂತ ಹೆಂಗ ಹೇಳ್ಲಿ? ನಿಮ್ಮ ತಾಯಿಗೆ ಹೊತ್ತು ಮೀರಿಲ್ಲ, ಅಷ್ಟ. ಉಳೀತಾರಂತ ಖಾತ್ರಿ ಕೊಡಾಕ ಬರೂದಿಲ್ಲ. ತಂತಿ ಇಳಿಸೂ ಮುಂದ ಜೀವಕ್ಕ ಅಪಾಯನೂ ಐತಿ."

ಮಲ್ಲೇಶಿ ಕೈ ಮುಗಿದ. "ಅಷ್ಟ ಆತಲ್ಲರಿ. ಬಿಡ್ರಿ ಹಂಗಾದ್ರ. ಹೆಂಗದಾಳ ಹಂಗ ಇರ್ಲಿ."

"ಹಾಕಸ್ರಿ."

ಒಳಬಾಗಿಲಲ್ಲಿ ಅವನ ಹೆಂಡತಿ ಸುವರ್ಣಾ ಚಹಾದ ತಟ್ಟೆ ಹಿಡಿದು ನಿಂತಿದ್ದಳು.

"ನಿನ್ನ ಯಾರ ಕೇಳಿದ್ರ?" ಮಲ್ಲೇಶಿ ತಿರುಗಿದ.

"ಯಾರೂ ಕೇಳಲಿಲ್ಲ. ಅದಕ್ಕ ಹೇಳಾಕತ್ತೀನಿ." ಅವಳು ತಟ್ಟೆ ಕೆಳಗಿಟ್ಟಳು. ಕಪ್ಪುಗಳು ಗಲಗಲ ಅಂದವು. "ಲಗ್ನಾಗಿ ಬಂದ ದಿನದಿಂದ ಈಕಿ ಕಡೆ ಬೈಸಿಕೊಂಡೀನ್ರಿ ಅಕ್ಕಾರ. ಸಾರಿಗೆ ಉಪ್ಪು ಒಂದು ಹಳ್ಳು ಕಡಿಮಿ ಆದ್ರೂ ಗಂಗಾಳ ಹಾರಿ ಬರ್ತಿತ್ತು. ಯಾವಾಗ ಬಾಯಿ ಬಂದ್ ಆಗ್ತತೋ ಈಕಿದು ಅಂತಿದ್ದೆ. ಆತು. ಹೋದ ತಿಂಗಳು ನನಗ ಯಾಕೋ ಅಂಜಿಕಿ ಬಂತು. ಬೇಕಂತನ ಉಪ್ಪಿಲ್ಲದ ಸಾರು ಹಾಕಿ ಕೊಟ್ಟೆ. ಉಂಡ್ಲು. ಚಲೋ ಆಗೇತೇನ್ರಿ ಅತ್ತಿ ಅಂದೆ. ಹೂಂ ಅಂದ್ಲು." ಅವಳು ಮೂಗು ಒರೆಸಿಕೊಂಡಳು. "ಅವತ್ತು ಗೊತ್ತಾತು, ಮನ್ಯಾಗ ಯಾರೂ ಇಲ್ಲಂತ. ನಾ ಒಬ್ಬಾಕಿನ ಅದೀನಂತ."

ದಾಕ್ಷಾಯಣಿ ಅವಳತ್ತ ಪೂರ್ತಿ ತಿರುಗಿ ಕೂತಳು. ಅಷ್ಟು ಯಂತ್ರ, ಅಷ್ಟು ಡಾಕ್ಟರು, ಎರಡು ವರ್ಷ. ಒಂದು ಬಟ್ಟಲು ಸಪ್ಪೆ ಸಾರಿನಲ್ಲಿ ಇವಳು ಕಂಡುಹಿಡಿದಿದ್ದಳು.

"ಯಾರಿಗೂ ಹೇಳಲಿಲ್ಲೇನ ತಂಗಿ?"

"ಯಾರಿಗಂತ ಹೇಳೂದ್ರಿ?"

ಮಲ್ಲೇಶಿ ಅವ್ವನನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವಳು ಕಣ್ಣು ಕೆಳಗೆ ಹಾಕಲಿಲ್ಲ. ಕಡೆಗೆ ಕಾಗದ ಎಳೆದುಕೊಂಡು ಮಸಿಗೈಯಲ್ಲೇ ಸಹಿ ಹಾಕಿದ. "ಆಮ್ಯಾಲ ಬೈತಾಳಂತ ನನ್ನ ಮುಂದ ಬಂದು ಅಳಬ್ಯಾಡ ನೋಡು."

ದ್ಯಾಮವ್ವನಿಗೆ ತಂತಿ ಇಳಿಸಿದ ಹತ್ತೊಂಬತ್ತನೆಯ ದಿನ, ಮಧ್ಯಾಹ್ನ ಮೂರರ ಸುಮಾರಿಗೆ, ದಾಕ್ಷಾಯಣಿ ಅವ್ವನಿಗೆ ಅಂಬಲಿ ಕುಡಿಸುತ್ತಿದ್ದಳು. ಆ ವಾರ ಪಟ್ಟಿಯ ಇನ್ನೆರಡು ಹೆಸರುಗಳ ಮುಂದೆ 'ಒಲ್ಲೆವು' ಎಂದು ಬರೆದಾಗಿತ್ತು. ಒಬ್ಬರ ಮುಂದೆ 'ತೀರಿಕೊಂಡರು' ಎಂದು. ಫೋನು ಬಂತು.

"ಅಕ್ಕಾರ, ನಾ ಸುವರ್ಣಾ!" ಉಸಿರು ಹತ್ತಿದ ದನಿ. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯುವಂತಿರಲಿಲ್ಲ. "ಚಾಲೂ ಆಗೇತ್ರಿ! ಕೇಳ್ರಿಲ್ಲೆ, ಕೇಳ್ರಿ!"

ಅವಳು ಫೋನನ್ನು ಎಲ್ಲೋ ಹಿಡಿದಳು. ದೂರದಿಂದ ದ್ಯಾಮವ್ವನ ದನಿ ಬಂತು, ಹರಿದ ತಗಡಿನ ಮೇಲೆ ಕಲ್ಲು ಸುರಿದಂತೆ: "...ಕೈಯಾಗ ಕಸುವಿಲ್ಲನ ನಿನಗ, ಅರಬಿ ಹಿಂಡೂ ರೀತಿ ಏನ ಇದು, ನೀರ ಸೋರಾಕತ್ತೈತಿ ನೋಡು, ಮೂರು ದಿನ ಬೇಕು ಒಣಗಾಕ, ನಿಮ್ಮಪ್ಪ ಲಗ್ನದಾಗ ಹಿತ್ತಾಳಿ ಕೊಡ ತೂತಿದ್ದದ್ದು ಕೊಟ್ಟ, ಮಗಳನ್ನೂ ಅಂಥಾಕಿನ್ನ ಕೊಟ್ಟ..."

ದಾಕ್ಷಾಯಣಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಬೈಗುಳ ಸುವರ್ಣಾಳ ತವರಿನಿಂದ ಮಲ್ಲೇಶಿಯ ಅಂಗಡಿಗೆ, ಅಲ್ಲಿಂದ ಓಣಿಯ ನಾಯಿಗೆ ದಾಟಿತು. ಫಕೀರವ್ವನ ಕಟಬಾಯಿಯಿಂದ ಅಂಬಲಿ ಗದ್ದಕ್ಕೆ ಇಳಿಯಿತು. ಮಗಳು ಸೆರಗಿನಿಂದ ಒರೆಸಿದಳು. ಅವ್ವನ ಕಣ್ಣು ಗೋಡೆ ಬಿಟ್ಟು ಸರಿಯಲಿಲ್ಲ.

"ಅಕ್ಕಾರ?" ಸುವರ್ಣಾ ಫೋನು ಮತ್ತೆ ಬಾಯಿಗೆ ತಂದಿದ್ದಳು. "ಸಪ್ಪಳನ ಇಲ್ಲಲ್ಲರಿ. ಅದೀರಿಲ್ಲೋ ಅಲ್ಲೆ?"

"ಅದೀನಿ," ಅಂದಳು ದಾಕ್ಷಾಯಣಿ. "ಫೋನ ತಗೀಬ್ಯಾಡ ತಂಗಿ. ಇನ್ನೊಂದೀಟು ಕೇಳಸು."